ಅಂಗಾಲಿನ ಗೆರೆ

ನೇಡೀನ್ ಗಟ್ಟಿಯಾದ ಪ್ಲಾಸ್ಟರ್ ಅಚ್ಚನ್ನು ಹಸಿಮಣ್ಣಿನಿಂದ ಎಬ್ಬಿಸಿ ಮಗುಚಿದಳು. ಮೊಳದುದ್ದದ ಪಾದ! ಅರಿಜೋನಾದ ಆ ಪೈನ್ ಕಾಡಿನಲ್ಲಿ ಬಿಗ್‌ಫುಟ್ ಎಂಬ ದೈತ್ಯ ವಾನರನನ್ನು ಹುಡುಕುತ್ತ ಅಲೆಯುವ ಗುಂಪು ಉಸಿರು ಬಿಗಿಹಿಡಿದು ನಿಂತಿತ್ತು. ಅಂಗಾಲಿನಲ್ಲಿ ಚರ್ಮದ ಗೆರೆಗಳಿದ್ದರೆ ಮಾತ್ರ ಹೆಜ್ಜೆ ಅಸಲಿ, ಅದನ್ನು ನೋಡಿ ಹೇಳುವವಳು ನೇಡೀನ್. ಮಗಳು ತೀರಿಕೊಂಡ ಮೇಲೆ ಅವಳು ಮನೆಯಿಂದ ಹೊರಬಿದ್ದದ್ದು ಇವತ್ತೇ ಮೊದಲು, ಅದೂ ಈ ಹೆಜ್ಜೆ ನೋಡಲೆಂದು.

ಹೆಜ್ಜೆ ಮೊದಲು ಕಂಡದ್ದು ಅವಳ ಗಂಡ ಡೆಲ್ಬರ್ಟ್‌ಗೆ. ಈಗ ಅವನು ನಿಂತಲ್ಲಿ ನಿಲ್ಲಲಾರದೆ ಟೋಪಿ ತೆಗೆಯುತ್ತಿದ್ದ, ಹಾಕಿಕೊಳ್ಳುತ್ತಿದ್ದ.

"ಬೇಗ ಹೇಳು ಮಾರಾಯ್ತಿ, ಜೀವ ಹೋಗ್ತಿದೆ," ಎಂದ ಗೆಳೆಯ ಲೆಸ್ಟರ್. "ಇದೂ ಕರಡೀದೇ ಅಂದ್ರೆ ನಾನು ನಾಳೆಯಿಂದ ಮೀನು ಹಿಡಿಯೋಕೆ ಹೋಗ್ತೀನಿ."

ಅವಳು ಬ್ರಷ್ಷಿನಿಂದ ಮಣ್ಣು ಗುಡಿಸಿದಳು. ಗೆರೆಗಳಿದ್ದವು. ಹಿಮ್ಮಡಿಯ ಹತ್ತಿರ ಒಂದು ಗಂಟನ್ನು ಬಳಸಿಕೊಂಡು ಹೋದ ಉದ್ದುದ್ದ ಗೆರೆಗಳು, ಮರದ ಹಲಗೆಯಲ್ಲಿರುತ್ತವಲ್ಲ, ಅಂಥವು. ನೇಡೀನ್ ತಲೆಯೆತ್ತಿ ಗಂಡನ ಕೈ ನೋಡಿದಳು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಡಬ್ಬಿ ತೆಗೆಯುವಾಗ ಕುಯ್ದುಕೊಂಡೆ ಅಂದಿದ್ದ.

ಅವಳು ಒಂದು ಚಿಟಿಕೆ ಹಸಿಮಣ್ಣು ತೆಗೆದು ಆ ಗಂಟಿನ ಮೇಲೆ ಮೆತ್ತಿದಳು.

"ಕರಡೀದಲ್ಲ," ಎಂದಳು. "ನಾಳೆ ಬೆಟ್ಟದಲ್ಲಿ ಇನ್ನೂ ಮೇಲಕ್ಕೆ ಹೋಗೋಣ. ಡೆಲ್, ನೀನು ಮಾತ್ರ ಮುಂದೆ ಹೋಗ್ಬೇಡ. ನನ್ನ ಜೊತೆಗೇ ನಡಿ."