ಕೌದಿಯ ನಡುವಿನ ತುಂಡು

ಕೌದಿಗೆ ತುಂಡು ಜೋಡಿಸಿದ ದಿನದಿಂದ ಸೊಸೆ ಪರಸವ್ವ ಮಾತು ಬಿಟ್ಟಿದ್ದಳು. ಇದು ಐದನೆಯ ದಿನ. ರೊಟ್ಟಿ ಬಡಿಯುತ್ತಿದ್ದಳು, ನೀರು ತರುತ್ತಿದ್ದಳು, ಅತ್ತೆ ಮುರಿಗೆವ್ವನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಬಾಯಿ ಮಾತ್ರ ತೆರೆಯಲೊಲ್ಲಳು.

ಮುರಿಗೆವ್ವ ತಾನಾಡಿದ ಮಾತುಗಳನ್ನೆಲ್ಲ ಒಂದೊಂದಾಗಿ ಕೆದಕಿ ನೋಡಿದಳು. ಸಾರಿಗೆ ಉಪ್ಪು ಹೆಚ್ಚಾಯಿತೆಂದದ್ದು ನಿಜ. ಜೈನಾಪುರದ ಬೀಗರು ಹಬ್ಬಕ್ಕೂ ಬರಲಿಲ್ಲವೆಂದು ಆಡಿಕೊಂಡದ್ದೂ ನಿಜ. ಅಂಥದ್ದಕ್ಕೆಲ್ಲ ಪರಸವ್ವ ಅಲ್ಲಿಗಲ್ಲೇ ಎದುರಾಡಿ, ಸಂಜೆಯೊಳಗೆ ಮರೆತುಬಿಡುವವಳು.

"ಬೈಯೂದಿದ್ರ ಬೈದಬಿಡವಾ. ಹಿಂಗ ಸುಮ್ಮ ಕುಂತ್ರ ನಾ ಏನಂತ ತಿಳೀಲಿ?" ಎಂದು ಮುರಿಗೆವ್ವ ಅಂಗಲಾಚಿದ್ದೂ ಆಗಿತ್ತು. ಸೊಸೆ ಸೂಜಿಗೆ ದಾರ ಪೋಣಿಸಿ ಕೊಟ್ಟು ಒಳಗೆ ಹೋಗಿದ್ದಳು.

ತಿಕೋಟಾದಲ್ಲಿರಲಿ, ವಿಜಾಪುರದ ಪೇಟೆಯಲ್ಲೂ ಕಂಟ್ರೋಲ್ ದರದ ಅರಿವೆ ಸಿಗದ ಯುದ್ಧದ ಕಾಲ. ಚಳಿ ತಡೆಯದ ಮುರಿಗೆವ್ವ ಹಳೆ ಅರಿವೆಯ ಗಂಟು ಬಿಚ್ಚಿ, ಪೊರೆ ಬಂದ ಕಣ್ಣಿಗೆ ಕಂಡಷ್ಟು ಕಂಡು, ಕೈಗೆ ಸಿಕ್ಕಿದ್ದನ್ನು ಕತ್ತರಿಸಿ, ತುಂಡುಗಳಿಗೆ ಟಾಕು ಹಾಕಿ ತನಗೊಂದು ಕೌದಿ ಜೋಡಿಸಿಟ್ಟಿದ್ದಳು.

ಈ ಐದನೆಯ ದಿನದ ಮಧ್ಯಾಹ್ನ ಹೊಲಿಗೆಗೆ ಕೈಜೋಡಿಸಲು ನೆರೆಮನೆಯ ಮಾಶಾಬಿ ಬಂದಳು. ಅಂಚಿನಿಂದ ಹೊಲಿಯುತ್ತ ನಡುವಿಗೆ ಬಂದವಳು ಸೂಜಿ ನಿಲ್ಲಿಸಿದಳು.

"ಮುರಿಗೆವ್ವಕ್ಕಾ, ಈ ಹಸರ ತುಂಡು ಎಲ್ಲಿ ಸಿಕ್ತು?"

"ಹಳೇ ಸೀರಿ ಮಡಿಕ್ಯಾಗಿತ್ತು. ಯಾಕ?"

ಮಾಶಾಬಿ ದನಿ ತಗ್ಗಿಸಿದಳು. "ಇದು ಪರಸವ್ವನ ಕೂಸಿನ ತಲಿಗೆ ಕಟ್ಟೂ ಕುಂಚಿಗಿ. ನಾನ ಹೊಲದು ಕೊಟ್ಟಿದ್ದೆ."

ಎರಡು ತಿಂಗಳಿಗೇ ತೀರಿಹೋದ ಕೂಸು. ಅದರ ಅರಿವೆಯೊಂದೂ ಮನೆಯಲ್ಲಿ ಉಳಿಯಬಾರದೆಂದು ಎಲ್ಲವನ್ನೂ ಹೊರಗೆ ಹಾಕಿಸಿದವಳು ಮುರಿಗೆವ್ವನೇ. ಒಂದನ್ನು ತಾಯಿ ಬಚ್ಚಿಟ್ಟಿದ್ದಳು. ಅದಕ್ಕೇ ಮುರಿಗೆವ್ವ ಕತ್ತರಿ ಹಾಕಿದ್ದಳು. ಕತ್ತರಿಸುವಾಗ ಪರಸವ್ವ ಹೊಸ್ತಿಲಲ್ಲಿ ಕೊಡ ಹೊತ್ತು ನಿಂತೇ ಇದ್ದದ್ದು ಮುದುಕಿಗೆ ನೆನಪಾಯಿತು.

ಅವಳು ಕತ್ತರಿಯ ತುದಿಯಿಂದ ಆ ತುಂಡಿನ ಹೊಲಿಗೆ ಬಿಚ್ಚತೊಡಗಿದಳು. ಒಳಗಿನಿಂದ ಬಂದ ಪರಸವ್ವ ಪಕ್ಕದಲ್ಲಿ ಕುಳಿತು ಅತ್ತೆಯ ಕೈ ಹಿಡಿದಳು.

"ಬಿಚ್ಚಬ್ಯಾಡ್ರಿ, ಅತ್ತಿ. ನಿಮ್ಮ ಎದಿ ಮ್ಯಾಲ ಇರ್ಲಿ."

"ಅವತ್ತ ಒಂದ ಮಾತು ಅನಬಾರದಾಗಿತ್ತೇನವಾ?"

"ಅವತ್ತ ಬಾಯಿ ತೆಗದಿದ್ರ ಬಿಚ್ಚರಿ ಅಂತಿದ್ದೆ" ಎಂದಳು ಪರಸವ್ವ. "ಇರ್ಲಿ ಅನ್ನಾಕ ಐದ ದಿನ ಬೇಕಾತು."