ಉರುಳೆಯ ಮೇಲಿನ ಗೆರೆ

ಹಳೆಯ ರಿವಾಲ್ವರುಗಳ ವ್ಯಾಪಾರಿ ಟ್ರೂಯೆಟ್ ಜೇಬಿನಿಂದ ಭೂತಗನ್ನಡಿ ತೆಗೆದದ್ದೇ ತಡ, ಒಲೀಟಾ ಕಿಟಕಿಯ ಪರದೆಯನ್ನು ಅರ್ಧ ಎಳೆದಳು. ಮುಗಿಯಿತು, ಇವನ ಕಣ್ಣಿಗೆ ಆ ಗೆರೆ ಬಿದ್ದೇ ಬೀಳುತ್ತದೆ ಎಂದುಕೊಂಡಳು.

ಅಡುಗೆಮನೆಯ ಮೇಜಿಗೆ ಹಳೆಯ ಕಂಬಳಿ ಹಾಸಿ ಗಂಡ ಡೋರ್ಸಿಯ ಹನ್ನೊಂದು ರಿವಾಲ್ವರುಗಳನ್ನು ಸಾಲಾಗಿ ಇಟ್ಟಿದ್ದಳು. ಎಲ್ಲವೂ ನೂರು ವರ್ಷ ದಾಟಿದವು. ಪ್ರತಿ ಗುಂಡಿಗೂ ಹಿಂದಿನ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಎಳೆಯಬೇಕಾದಂಥವು. ದೂರದಿಂದ ಎಲ್ಲ ಒಂದೇ. ಹತ್ತಿರ ಹೋದರೆ ಒಂದರ ನಳಿಕೆ ಗಿಡ್ಡ, ಇನ್ನೊಂದರದು ಮೊಳದುದ್ದ, ಮತ್ತೊಂದರ ನೆತ್ತಿ ಚಪ್ಪಟೆ. ಇಷ್ಟಕ್ಕೇ ಟೆಕ್ಸಸ್ಸಿನ ಗಂಡಸರು ಹೆಂಡತಿ ಮಕ್ಕಳನ್ನು ಮರೆತು ಊರೂರು ಅಲೆಯುತ್ತಾರೆ.

ಚಪ್ಪಟೆ ನೆತ್ತಿಯದ್ದೇ ಇದ್ದುದರಲ್ಲಿ ರತ್ನ. ಕಾರ್ಖಾನೆಯಿಂದ ಬಂದಮೇಲೆ ಅದರ ಗುಂಡಿನ ಉರುಳೆಯನ್ನು ಯಾರೂ ತಪ್ಪಾಗಿ ತಿರುಗಿಸಿಯೇ ಇಲ್ಲವೆಂದು ಪ್ರತೀತಿ. ಗೊತ್ತಿಲ್ಲದವರು ಸುತ್ತಿಗೆಯನ್ನು ಅರ್ಧ ಎಳೆದು, ಉರುಳೆ ತಿರುಗಿಸಿ, ಹಾಗೇ ಇಳಿಸಿದರೆ ಅದರ ಸುತ್ತ ಕೂದಲೆಳೆಯಂಥ ಗೆರೆ ಬೀಳುತ್ತದೆ. ಗೆರೆ ಬಿತ್ತೋ, ಬೆಲೆಯೂ ಬಿತ್ತು.

ಇದು ಮಾರಾಟವಾದರೆ ಡೋರ್ಸಿಯನ್ನು ಅಮರಿಲೋದ ಆರೈಕೆಮನೆಗೆ ಸೇರಿಸಿ, ಅವಳು ತಂಗಿಯ ಮನೆಗೆ ಹೊರಟುಬಿಡುವವಳು. ಆಗದಿದ್ದರೆ ಸಾಯುವವರೆಗೂ ಇದೇ ಮನೆ, ಇದೇ ಗಂಡ. ಪಾರ್ಶ್ವವಾಯು ಹೊಡೆದ ಮೇಲೆ ಅವನಿಗೆ ಮಾತಿಲ್ಲ, ಯಾರ ಗುರುತೂ ಇಲ್ಲ. ಪಕ್ಕದ ಕೋಣೆಯಲ್ಲಿ ಬಾಯಿ ತೆರೆದು ಮಲಗಿದ್ದ. ನೋಡಿದರೆ ಕನಿಕರ ಹುಟ್ಟಬೇಕಿತ್ತು. ಅವಳಿಗೆ ಹುಟ್ಟುತ್ತಿರಲಿಲ್ಲ.

"ಮೊದಲು ಪ್ರತಿ ಬಂದೂಕು ಮೇಳಕ್ಕೂ ಇವನ್ನ ತರ್ತಿದ್ದ ಡೋರ್ಸಿ ಅಣ್ಣ. ಕೇಳಿದೋರ ಕೈಗೆಲ್ಲ ಕೊಡ್ತಿದ್ದ," ಎಂದ ಟ್ರೂಯೆಟ್, ಗಿಡ್ಡ ನಳಿಕೆಯದ್ದನ್ನು ಸವರುತ್ತ. "ಆಮೇಲೆ ಏನು ಗ್ರಹಚಾರವೋ, ಒಮ್ಮೆಲೇ ಜಿಪುಣ ಆಗ್ಬಿಟ್ಟ. ಮೇಳಕ್ಕೆ ಬರೋದೇ ನಿಲ್ಲಿಸ್ದ."

"ನಂಗೇ ಮುಟ್ಟೋಕೆ ಬಿಟ್ಟಿಲ್ಲ, ನಿಂಗೆ ಬಿಡ್ತಾನಾ? ಕಪಾಟಿನ ಬೀಗದ ಕೈ ಕೊರಳಲ್ಲೇ. ಸ್ನಾನಕ್ಕೂ ಬಿಚ್ತಿರ್ಲಿಲ್ಲ ಮಹರಾಯ."

"ಕೊಟ್ಟಿಗೇಲಿ ಹಾವು ಬಂದ್ರೆ ಗುದ್ದಲಿ ಹಿಡ್ಕೊಂಡು ಹೋದ್ನಂತಲ್ಲ ಅಕ್ಕಾ! ಹನ್ನೊಂದು ರಿವಾಲ್ವರ್ ಇಟ್ಕೊಂಡು! ಊರೆಲ್ಲ ಬಿದ್ದುಬಿದ್ದು ನಕ್ಕಿತ್ತು."

"ಮನೇಲಿ ಒಂದು ಗುಂಡಾದ್ರೂ ಇಟ್ರೆ ತಾನೇ? ಹಾರಿಸಿದ್ರೆ ಹೊಳಪು ಹೋದೀತು ಅಂತ ಜೀವ ಹೋಗ್ತಿತ್ತು ಅವನಿಗೆ. ಕಬ್ಬಿಣದ ಮೇಲಿದ್ದ ಪ್ರೀತಿ ನನ್ನ ಮೇಲಿರ್ಲಿಲ್ಲ ಬಿಡು."

ಅದನ್ನು ನಗುತ್ತ ಹೇಳಲು ಹೋದಳು. ಕಂಬಳಿಯ ಅಂಚು ಎಳೆದು ಸರಿಮಾಡಿದಳು.

ನಾಲ್ಕು ವರ್ಷದ ಮಗ ವೆಸ್ಲಿ ಗಾಳಿಯಂತ್ರದ ಬುಡದಲ್ಲಿದ್ದ ದನದ ತೊಟ್ಟಿಗೆ ಬಿದ್ದು ಮುಳುಗಿಹೋದ ಬೇಸಿಗೆಯೇ ಅವನು ಹಾಗಾದದ್ದು. ಮಗುವನ್ನು ಮಣ್ಣು ಮಾಡಿ ಬಂದ ವಾರವೇ, ಡೋರ್ಸಿ ಹೊಲಕ್ಕೆ ಹೋಗಿದ್ದಾಗ, ಅವಳು ಆಗಿನ್ನೂ ಬೀಗವಿಲ್ಲದ ಕಪಾಟು ತೆರೆದು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡಿದ್ದಳು. ಆಗ ಮನೆಯಲ್ಲಿದ್ದ ಗುಂಡು ತುಂಬಿ ಬಹಳ ಹೊತ್ತು ಕುಳಿತಿದ್ದಳು. ಸಾಯಲೂ ಆಗಲಿಲ್ಲ. ಗುಂಡುಗಳನ್ನು ತೆಗೆದು, ಅರ್ಧ ಎಳೆದಿದ್ದ ಸುತ್ತಿಗೆಯನ್ನು ಹಾಗೇ ಇಳಿಸಿ, ಇದ್ದಲ್ಲೇ ಇಟ್ಟಳು. ಉರುಳೆಯ ಸುತ್ತ ಗೆರೆ ಬಿದ್ದಿತ್ತು.

ಮರುದಿನ ಡೋರ್ಸಿ ಎಂದಿನಂತೆ ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿದ. ಬೈಯಲಿ, ಹೊಡೆಯಲಿ, ಏನೇ ಮಾಡಹೊರಟಿದ್ದೆ ಎಂದಾದರೂ ಕೇಳಲಿ ಎಂದು ಅವಳು ಕಾದಳು. ಅವನು ಭೂತಗನ್ನಡಿಯನ್ನು ಜೇಬಿಗಿಳಿಸಿದ. ಎಲ್ಲವನ್ನೂ ಹೊತ್ತು ಕೊಟ್ಟಿಗೆಗೆ ಹೋದ. ಸಂಜೆಯವರೆಗೂ ಅಲ್ಲಿಂದ ಕರಕರ ಸದ್ದು. ಹೆತ್ತ ಮಗ ಹೋಗಿದ್ದಾನೆ, ಇವನಿಗೆ ತುಕ್ಕು ಉಜ್ಜುವ ಚಿಂತೆ! ಅಂದೇ ಅವಳ ಮನಸ್ಸು ಮುರಿಯಿತು. ಆಮೇಲೆ ಅವನಿಗೆ ಅನ್ನ ಹಾಕಿದಳು, ಅಷ್ಟೇ.

ಟ್ರೂಯೆಟ್ ಚಪ್ಪಟೆ ನೆತ್ತಿಯದ್ದನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಅಯ್ಯೋ, ಗೆರೆ ಇದೆಯಲ್ಲಕ್ಕಾ."

ಒಲೀಟಾ ಕುರ್ಚಿ ಎಳೆದು ಕುಳಿತಳು. ತಂಗಿಯ ಮನೆಯೂ ಇಲ್ಲ, ಬಿಡುಗಡೆಯೂ ಇಲ್ಲ.

"ಹೋಗ್ಲಿ, ಗೆರೆ ಇದ್ರೂ ತಗೊಳ್ಳೋರು ಇದ್ದಾರೆ," ಎನ್ನುತ್ತ ಅವನು ಸುತ್ತಿಗೆಯನ್ನು ಹಿಂದಕ್ಕೆ ಎಳೆದ. ಸುತ್ತಿಗೆಯ ತುದಿಗೆ ಭೂತಗನ್ನಡಿ ಹಿಡಿದ. ಅದನ್ನಿಟ್ಟು ಇನ್ನೊಂದನ್ನು ಎತ್ತಿಕೊಂಡ. ಮತ್ತೊಂದನ್ನು. ಹನ್ನೊಂದನ್ನೂ ನೋಡುವಷ್ಟರಲ್ಲಿ ಅವನ ಮುಖ ಕಪ್ಪಿಟ್ಟಿತ್ತು.

"ಯಾವ ಪಾಪಿ ಮಾಡಿದ್ದು ಇದನ್ನ? ಗುಂಡಿಗೆ ಬಡಿಯೋ ಮೊನೆ ಇರುತ್ತಲ್ಲ, ಒಂದರಲ್ಲೂ ಇಲ್ಲ. ಅರ ಹಾಕಿ ಉಜ್ಜಿ ತೆಗೆದಿದ್ದಾರೆ. ಇವು ಇನ್ನು ಮಕ್ಕಳ ಆಟದ ಸಾಮಾನು ಅಕ್ಕಾ. ಯಾರೂ ಮುಟ್ಟಲ್ಲ."

"ಮೊದಲಿಂದ್ಲೂ ಹಾಗೇ ಇತ್ತೇನೋ."

"ಎಲ್ಲಿ ಬಂತು! ಅಣ್ಣ ಕೊನೇ ಸಲ ಮೇಳಕ್ಕೆ ತಂದಾಗ ಹನ್ನೊಂದನ್ನೂ ನನ್ನ ಕೈಯಲ್ಲೇ ನೋಡಿದ್ದೀನಿ. ಎಲ್ಲ ನೆಟ್ಟಗಿದ್ವು. ವೆಸ್ಲಿ ಅವನ ಹೆಗಲ ಮೇಲೆ ಕೂತಿದ್ದ." ಟ್ರೂಯೆಟ್ ತಲೆ ಕೆರೆದುಕೊಂಡ. "ಆಮೇಲೆ ಬೀಗದ ಕೈ ಅಣ್ಣನ ಕೊರಳು ಬಿಟ್ಟಿಲ್ಲ ಅಂದ್ರಿ. ಹಾಗಾದ್ರೆ ಅವನೇ ಮಾಡಿರ್ಬೇಕು. ಇವುಗಳಲ್ಲೇ ಜೀವ ಇಟ್ಕೊಂಡಿದ್ದ ಮನುಷ್ಯ ಅಕ್ಕಾ! ಯಾಕೆ ಮಾಡ್ದ?"

ಒಲೀಟಾ ಎದ್ದು ಪಕ್ಕದ ಕೋಣೆಯ ಬಾಗಿಲಿಗೆ ಹೋದಳು. ಡೋರ್ಸಿ ಕಣ್ಣು ಬಿಟ್ಟುಕೊಂಡಿದ್ದ. ದಾರಿಹೋಕರನ್ನು ನೋಡುವ ಹಾಗೆ ಅವಳನ್ನೊಮ್ಮೆ ನೋಡಿ, ಗೋಡೆಯ ಕಡೆ ತಿರುಗಿದ.

ಅವನಿಗೆ ಅಂದೇ ಎಲ್ಲ ಗೊತ್ತಾಗಿತ್ತು. ಈಗ ಅವಳ ಹೆಸರೂ ಗೊತ್ತಿಲ್ಲ.