ಬುಧವಾರದ ಪಾಚಿ

"ಭಾನುವಾರ ಉಜ್ಜಿದ್ರೆ ಬುಧವಾರ ಮತ್ತೆ ಪಾಚಿ! ಎಂಥಾ ಮರಳು ಕೊಟ್ಟಿದೀರ್ರೀ ನೀವು?" ಮನೆಗೆ ಕರೆಸಿದ ಅಕ್ವೇರಿಯಂ ಅಂಗಡಿಯವನ ಮೇಲೆ ವನಮಾಲಾ ಹರಿಹಾಯ್ದಳು. ಉಪ್ಪುನೀರಿನ ತೊಟ್ಟಿಯಲ್ಲಿ ಕಲ್ಲು, ಮರಳೆಲ್ಲ ಹಸಿರು ಲೋಳೆ.

"ಮೇಡಂ, ಮೀನಿಗೆ ಹಾಕಿದ್ದು ಜಾಸ್ತಿಯಾಗಿ ತಳದಲ್ಲಿ ಕೊಳೆತ್ರೆ ಹೀಗಾಗುತ್ತೆ."

"ದಿನಕ್ಕೆ ಒಂದೇ ಚಿಟಿಕೆ ಹಾಕೋದು. ನನಗೇ ಬುದ್ಧಿ ಹೇಳ್ತೀರಾ?"

"ಹೋಗ್ಲಿ ಬಿಡೇ, ಮರಳು ಬದಲಾಯಿಸಿದ್ರಾಯ್ತು," ಎಂದ ಗಂಡ. ದಿನದಂತೆ ತೊಟ್ಟಿಯ ಪಕ್ಕದಲ್ಲೇ ಕೂತು ತಿಂಡಿಯ ತಟ್ಟೆ ಖಾಲಿ ಮಾಡಿದ್ದ.

ಅಂಗಡಿಯವನು ಅಂಗಿಯ ತೋಳು ಮಡಚಿ ದೊಡ್ಡ ಕಲ್ಲನ್ನು ಎತ್ತಿದ. ಅಡಿಯಿಂದ ಸಾಸಿವೆ, ಕಡಲೆಬೇಳೆ, ಕರಿಬೇವಿನೆಲೆ ಕದಡಿಕೊಂಡು ಮೇಲೆದ್ದವು.

ವನಮಾಲಾ ಗಂಡನತ್ತ ತಿರುಗಿದಳು.

"ಹಾಗಾದ್ರೆ ಎರಡು ವರ್ಷದಿಂದ ನನ್ನ ಉಪ್ಪಿಟ್ಟು ತಿಂತಿರೋದು ಈ ಮೀನುಗಳೇನ್ರೀ?"